ಹಿಮ್ಮಡಿಯ ಲೆಕ್ಕ

ಮೂರು ಜೊತೆ ಸ್ಕೀ ತಂದು ಬೆಂಚಿನ ಮೇಲೆ ಮಲಗಿಸಿದ.
ಮಾರ್ಚ್ ಕೊನೆ. ಒಟ್ಟಾ ಊರಿನ ಸೂರುಗಳೆಲ್ಲ ತೊಟ್ಟಿಕ್ಕುತ್ತಿದ್ದವು.
ಬೂಟು ಕೊಡವಿ, ಕೋಟು ಬಿಚ್ಚಿ,
ನನ್ನ ಕೆಂಪು ಉಣ್ಣೆಟೋಪಿಯ ಪಕ್ಕದ ಮೊಳೆಗೆ ಹಾಕಿ,
"ಅಪ್ಪನವು" ಅಂದ. "ಎಷ್ಟು ಬರಬಹುದು?"

ಎಂಡ್ರೆ. ಟೊರ್ಮೋಡನ ಮಗ. ಹಡಗಿನ ಅಡುಗೆಯವನು.
ಹನ್ನೊಂದಕ್ಕೇ ಸ್ಕೀ ಬಿಟ್ಟವನು, ಈ ಕಣಿವೆಯಲ್ಲಿ ಹುಟ್ಟಿ!
ಮೀನಿನ ಮರಿ ನೀರು ಬೇಡವೆಂದ ಹಾಗೆ.

ಬೆಲೆ ಆಮೇಲೆ, ಅಂದೆ. ಮೊದಲು ಹಿಮ್ಮಡಿ ನೋಡು.

ಇದು ಬಯಲಿನದು. ತೆಳ್ಳಗೆ, ಬಳುಕುವ ಜಾತಿ.
ಕಾಲ್ಬೆರಳ ತುದಿಗಷ್ಟೇ ಕೊಂಡಿ;
ಹಿಮ್ಮಡಿ ಏಳುತ್ತದೆ, ಬೀಳುತ್ತದೆ,
ಹಾಲು ತರಲು ಹೊರಟವರ ಹಿಮ್ಮಡಿಯಂತೆ.
ನಡು ಬಿಲ್ಲು. ಸುಮ್ಮನೆ ನಿಂತರೆ ಹಿಮಕ್ಕೆ ತಾಗದು.
ಮೈಭಾರವೆಲ್ಲ ಒಂದೇ ಕಾಲಿಗೆ ಕೊಟ್ಟು ಒತ್ತಿದೆಯೋ
ಅಲ್ಲಿ ಸವರಿದ ನೀಲಿ ಮೇಣ ನೆಲ ಕಚ್ಚುತ್ತದೆ,
ಒಂದು ಗಳಿಗೆ. ಆಮೇಲೆ ಜಾರು.
ನಿನ್ನಪ್ಪ ಬಲಗಾಲನ್ನೇ ನಂಬಿದ್ದ. ಈ ತಳ ನೋಡು, ಎಷ್ಟು ಸವೆದಿದೆ.

"ಎಡಮಂಡಿ" ಅಂದ ಎಂಡ್ರೆ. "ಮರದ ಮಿಲ್ಲಿನಲ್ಲಿ ಪೆಟ್ಟಾಗಿತ್ತು."

ಇದು ಇಳಿಜಾರಿನದು. ಎತ್ತಿ ನೋಡು, ತೂಕ.
ಹಿಮ್ಮಡಿಗೆ ಇಲ್ಲಿ ಬೀಗ.
ಹತ್ತುವ ಕೆಲಸ ಲಿಫ್ಟಿನದು, ಇಳಿಯುವುದಷ್ಟೇ ನಿನ್ನದು,
ಅದರಲ್ಲೂ ಅರ್ಧ ಭೂಮಿಯದು.
ಉಕ್ಕಿನ ಅಂಚು ಹಿಮ ಕೊರೆಯದಿದ್ದರೆ ನಿಲ್ಲುವ ಮಾತೇ ಇಲ್ಲ.
ಈ ತಿರುಪು ಕಂಡೆಯಾ? ಪಕ್ಕದಲ್ಲಿ ಅಂಕಿ, ಆರು.
ಎಷ್ಟು ತಿರುಚಿದರೆ ಕಾಲನ್ನು ಬಿಟ್ಟುಕೊಡಬೇಕು ಅನ್ನುವುದಕ್ಕೆ;
ಮೂಳೆ ಮುರಿಯುವ ಮುಂಚೆ.
ಮನುಷ್ಯರಿಗೂ ಒಂದು ಇರಬೇಕಿತ್ತು, ಅಂದೆ. ಅವನು ನಗಲಿಲ್ಲ.
ಅಂಚು ಮಾತ್ರ ಹೊಸ ಬ್ಲೇಡು. ತೊಟ್ಟದ್ದು ಹೆಚ್ಚೆಂದರೆ ಎರಡು ಸಲ.

"ಅಮ್ಮ ಕೊಡಿಸಿದ್ದು. ಅವಳು ಇಳಿಯುತ್ತಿದ್ದಳು.
ಇವನು ಕೆಳಗೆ ಕಾಫಿ ಹಿಡಿದು ಕೂತಿರುತ್ತಿದ್ದ,
ಎರಡು ಲೋಟ. ಒಂದು ಯಾವಾಗಲೂ ತಣ್ಣಗಾಗುತ್ತಿತ್ತು."

ಮೂರನೆಯದರ ಹೆಸರೂ ಅವನಿಗೆ ಗೊತ್ತಿಲ್ಲ.
ಸೌದೆ ಕೊಟ್ಟಿಗೆಯಲ್ಲಿ, ತಾಡಪಾಲಿನ ಹಿಂದೆ ಸಿಕ್ಕಿತ್ತಂತೆ.

ಇದು ಬೆಟ್ಟಕ್ಕೆ, ಅಂದೆ. ದಾರಿ ಇಲ್ಲದ ಕಡೆಗೆ.
ಹತ್ತುವಾಗ ಹಿಮ್ಮಡಿ ಬಿಡುಗಡೆ,
ತುದಿ ಮುಟ್ಟಿದ ಮೇಲೆ, ಟಕ್, ಸೆರೆ.
ಹತ್ತುವ ತನಕ ಅಂಗಾಲಿಗೆ ಈ ತೊಗಲಪಟ್ಟಿ:
ಅಜ್ಜಂದಿರ ಕಾಲಕ್ಕೆ ಸೀಲ್ ಚರ್ಮ, ಈಗ ಮೇಕೆಯ ಕೂದಲು.
ಸವರು. ಈ ಕಡೆಗೆ ಬೆಕ್ಕಿನ ಬೆನ್ನು,
ಆ ಕಡೆಗೆ ಬೆಕ್ಕಿನ ಸಿಟ್ಟು.
ಮುಂದೆ ಜಾರುತ್ತದೆ, ಹಿಂದೆ ಜಾರಲು ಒಪ್ಪುವುದಿಲ್ಲ.

ಮಗುಚಿದ. ಅಂಟಿನಲ್ಲಿ ಸ್ಪ್ರೂಸ್ ಎಲೆಸೂಜಿ,
ಬೂದು ಕೂದಲು, ಹಿಡಿಯಷ್ಟು.

"ಗ್ನಿಸ್ಟ್" ಅಂದ, ಬಹಳ ಹೊತ್ತಿನ ಮೇಲೆ. "ನಮ್ಮ ನಾಯಿ.
ಭಾನುವಾರಗಳಂದು ಕಾಲೆಳೆಯುತ್ತ ಬಂದು
ಒಲೆಯ ಮುಂದೆ ಬೀಳುತ್ತಿತ್ತು. ವಯಸ್ಸಾಯಿತು ಅಂದುಕೊಂಡೆವು.
ಡಾಕ್ಟರಿಗೆ ತೋರಿಸಿದ್ದೆವು ಕೂಡ!"
ಈಗ ನಕ್ಕ. ನಗುತ್ತ ಮೂಗು ಒರೆಸಿಕೊಂಡ.

"ಯಾವ ಬೆಟ್ಟ?"

ತಳ ಹೇಗೆ ಅನ್ನುವುದನ್ನು ಹೇಳುತ್ತದೆ, ಅಂದೆ,
ಎಲ್ಲಿ ಅನ್ನುವುದನ್ನು ಹೇಳುವುದಿಲ್ಲ.

ಮೊದಲಿನೆರಡನ್ನು ಮಾರಿದ. ಮೂರನೆಯದರ ಬೂಟಿನೊಳಗೆ
ಕಾಲು ತೂರಿಸಿ ನೋಡಿದ. ನಲವತ್ತೆರಡು; ಇವನದು ನಲವತ್ತೈದು.
ಆದರೂ ಹೊತ್ತುಕೊಂಡು ಹೋಗುತ್ತೇನೆ ಅಂದ.
ಪಟ್ಟಿಗೆ ಹೊಸ ಅಂಟು ಹಾಕಿಡಿ, ಸೋಮವಾರ ಬರುತ್ತೇನೆ.

ರಾತ್ರಿ ಇಸ್ತ್ರಿ ಕಾಯಿಸಿ, ಕಾಗದ ಹರಡಿ, ಹಳೆಯ ಅಂಟು ಎಳೆದೆ.
ನಾಯಿಯ ಕೂದಲು ಬಂತು, ಎಲೆಸೂಜಿ ಬಂತು.
ಬಾಲದ ಹತ್ತಿರ, ಒಳಕ್ಕೆ ಕೂತಿದ್ದ
ಕೆಂಪು ಎಳೆಯೊಂದನ್ನು, ಇಸ್ತ್ರಿ ತಾಗುವ ಮುಂಚೆ,
ಉಗುರಿನಿಂದ ಬಿಡಿಸಿದೆ.